ಗ್ಲಾಸ್ಗೋ ನಗರದ ಓಣಿಗಳೂ ಎಲ್ಲೆಗಳೂ

ಬಳ್ಳಾರಿ ಮತ್ತು ಕೆನರಾ ಜಿಲ್ಲೆಗಳ ಕಂದಾಯದ ಇತಿಹಾಸವನ್ನು ಬಲ್ಲ ನಮ್ಮ ವಾಚಕರಿಗೆ ಸರ್ ಥಾಮಸ್ ಮನ್ರೋ ಎಂಬ ಹೆಸರು ಹೊಸದಲ್ಲ. ಆತನು ಹುಟ್ಟಿದ್ದು 1761 ರಲ್ಲಿ, ಸ್ಕಾಟ್ಲಂಡ ದೇಶದ ಗ್ಲಾಸ್ಗೋ ನಗರದಲ್ಲಿ. ತಂದೆಯು ಅಮೇರಿಕೆಯ ವರ್ಜೀನಿಯಾ ಪ್ರಾಂತದೊಡನೆ ತಂಬಾಕಿನ ವ್ಯಾಪಾರ ನಡೆಸುತ್ತಿದ್ದ ಸಾಹುಕಾರ. ಅಮೇರಿಕದವರು ಇಂಗ್ಲಿಷರ ಆಳಿಕೆಯನ್ನು ಕಿತ್ತೊಗೆಯಲು ಯುದ್ಧ ಹೂಡಿದಾಗ ಆ ವ್ಯಾಪಾರವು ಮುರಿದುಬಿದ್ದು ಮನೆತನವು ದಿವಾಳಿಯೆದ್ದಿತು. ಮಗನು ಕಂಪನಿ ಸರಕಾರದ ಸೈನ್ಯದ ನೌಕರಿಗಾಗಿ 1780 ರಲ್ಲಿ ಮದ್ರಾಸಿಗೆ ಬಂದನು. ದೂರದ ಒಂದು ಪಟ್ಟಣದ ಪೇಟೆಯಲ್ಲಾದ ನಷ್ಟವು ನಮ್ಮ ಸೀಮೆಯ ಹೊಲಗಳ ಪಟ್ಟೆಯ ಲೆಕ್ಕದವರೆಗೆ ಬಂದು ಮುಟ್ಟಿದ ಬಗೆ ಇದು. ಆದರೆ ಈ ಹೊತ್ತು ನಾವು ಬರೆಯಹೊರಟಿರುವದು ಮನ್ರೋನ ವಿಷಯವನ್ನಲ್ಲ, ಅವನ ತವರೂರಿನ ವಿಷಯವನ್ನು. ಆ ಊರಿನ ಬಡಜನರು ಎಲ್ಲಿ ಇರಬೇಕು, ಎಲ್ಲಿ ಇರಬಾರದು ಎಂಬದನ್ನು ನೂರೈವತ್ತು ವರ್ಷಗಳಿಂದಲೂ ಪರರೇ ನಿರ್ಣಯಿಸುತ್ತ ಬಂದಿದ್ದಾರೆ. ಅದರ ಫಲವನ್ನು ಇಂದಿಗೂ ಜನರು ತಮ್ಮ ಆಯುಷ್ಯದಿಂದ ತೆರುತ್ತಿದ್ದಾರೆಂಬದೇ ನಮ್ಮ ಅಭಿಪ್ರಾಯ.

ಕ್ಲೈಡ್ ನದಿಯ ದಂಡೆಯ ಈ ನಗರದ ನಡುಪೇಟೆಯಲ್ಲಿ ಗ್ಲಾಸ್‌ಫರ್ಡ್, ಬ್ಯುಕಾನನ್, ಇಂಗ್ರಾಮ್ ಎಂಬ ಬೀದಿಗಳಿವೆ. ಇವೆಲ್ಲ ಹದಿನೆಂಟನೆಯ ಶತಮಾನದ ತಂಬಾಕಿನ ದೊರೆಗಳ ಹೆಸರುಗಳು. ವರ್ಜೀನಿಯಾ, ಜಮೇಕಾ ಎಂಬ ಬೀದಿಗಳೂ ಅಲ್ಲಿಯೇ ಇವೆ. ತಂಬಾಕನ್ನೂ ಕಬ್ಬನ್ನೂ ಬೆಳೆದವರು ಆಫ್ರಿಕೆಯಿಂದ ಕದ್ದೊಯ್ದ ಗುಲಾಮರು. ಅವರ ಹೆಸರು ಯಾವ ಬೀದಿಗೂ ಬರಲಿಲ್ಲ. ಗುಲಾಮಗಿರಿಯ ಹಣವು ತನಗೆ ಎಷ್ಟರಮಟ್ಟಿಗೆ ಸಂದಿತೆಂಬದನ್ನು ಗ್ಲಾಸ್ಗೋ ವಿಶ್ವವಿದ್ಯಾಲಯವು 2018 ರಲ್ಲಿ ತಾನೇ ತನಿಖೆ ಮಾಡಿ ಪ್ರಕಟಿಸಿತು. ನಗರಸಭೆಯು 2022 ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿತು. ತಡವಾದರೂ ಇದು ಒಳ್ಳೆಯ ಕೆಲಸವೇ.

ತಂಬಾಕು ಹೋದ ಮೇಲೆ ಹತ್ತಿ ಬಂದಿತು. ನಗರದ ಪೂರ್ವಕ್ಕಿರುವ ಕಾಲ್ಟನ್ ಎಂಬದು ನೇಕಾರರ ಕೇರಿ. 1787 ರಲ್ಲಿ ಕೂಲಿಯನ್ನು ಇಳಿಸಿದ್ದಕ್ಕಾಗಿ ಈ ನೇಕಾರರು ಮಗ್ಗ ನಿಲ್ಲಿಸಿದಾಗ ಸಿಪಾಯಿಗಳು ಗುಂಡು ಹಾರಿಸಿ ಆರು ಜನರನ್ನು ಕೊಂದರು. ಕಾಲ್ಟನ್ನಿನ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಅದು ಮತ್ತೆ ಬರುವದು. ಹತ್ತಿಯ ಹಿಂದಿನಿಂದ ಕಬ್ಬಿಣ, ಉಗಿಯಂತ್ರ, ಹಡಗು. ಭಾರತದ ರೇಲ್ವೆಗಳು ಎಳೆಸಿಕೊಂಡ ಎಂಜಿನುಗಳಲ್ಲಿ ಬಹಳಷ್ಟು ಈ ನಗರದ ಸ್ಪ್ರಿಂಗ್‌ಬರ್ನ್ ಎಂಬ ಭಾಗದ ಕಾರಖಾನೆಗಳಲ್ಲಿ ತಯಾರಾದವು. 1801 ರಲ್ಲಿ ಎಂಬತ್ತು ಸಾವಿರವೂ ಇರದಿದ್ದ ಜನಸಂಖ್ಯೆಯು 1930 ರ ದಶಕದಲ್ಲಿ ಹನ್ನೊಂದು ಲಕ್ಷವನ್ನು ದಾಟಿತು. ಜಮೀನುದಾರರು ಕುರಿ ಸಾಕುವದಕ್ಕಾಗಿ ಹೊಲಮನೆಗಳಿಂದ ಎಬ್ಬಿಸಿ ಓಡಿಸಿದ ಗೇಲಿಕ್ ನುಡಿಯ ಗುಡ್ಡಗಾಡಿನವರು, ಬರದಿಂದ ಕಂಗೆಟ್ಟ ಐರ್ಲಂಡದ ಕ್ಯಾಥೊಲಿಕರು, ಮುಂದೆ ಲಿಥುವೇನಿಯಾದವರು, ಯೆಹೂದ್ಯರು, ಇಟಲಿಯವರು—ಎಲ್ಲರೂ ಬಂದು ಇಲ್ಲಿ ಸೇರಿದರು.

ಸೇರಿದವರು ಇದ್ದುದೆಲ್ಲಿ? ಮರಳುಗಲ್ಲಿನಿಂದ ಕಟ್ಟಿದ ಮೂರು-ನಾಲ್ಕು ಅಂತಸ್ತಿನ ಚಾಳುಗಳಲ್ಲಿ. ಒಂದೇ ಕೋಣೆ, ಗೋಡೆಯ ಗೂಡಿನಲ್ಲಿ ಹಾಸಿಗೆ, ಮೆಟ್ಟಿಲ ಮೇಲೆ ಹಲವು ಸಂಸಾರಗಳಿಗೆ ಕೂಡಿ ಒಂದು ಪಾಯಖಾನೆ: ಇದೇ ಕೂಲಿಕಾರನ ಮನೆ. ಇಷ್ಟು ಕೋಣೆಯಲ್ಲಿ ಇಷ್ಟೇ ಜನರಿರತಕ್ಕದ್ದೆಂದು ಬಾಗಿಲಿಗೆ ತಗಡಿನ ಬಿಲ್ಲೆಯನ್ನು ಹೊಡೆದು, ನಡುರಾತ್ರಿ ಆರೋಗ್ಯ ಖಾತೆಯ ಇನ್ಸ್‌ಪೆಕ್ಟರರು ತಲೆ ಎಣಿಸಲು ಬರುತ್ತಿದ್ದರು. ಅವರ ಹೆಜ್ಜೆಯ ಸಪ್ಪಳಕ್ಕೆ ಹೆಚ್ಚಿನವರು ಕಪಾಟಿನಲ್ಲಿಯೂ ಮಾಳಿಗೆಯ ಮೇಲೂ ಅಡಗುತ್ತಿದ್ದರು. ಮನೆಯನ್ನು ಕೊಡದೆ, ಮನೆಯಿಲ್ಲದವನನ್ನು ಅಪರಾಧಿಯನ್ನಾಗಿ ಮಾಡುವ ಆಡಳಿತಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ನಮ್ಮ ಹುಬ್ಬಳ್ಳಿ-ಧಾರವಾಡಗಳನ್ನು ಪ್ಲೇಗು ಪೀಡಿಸುತ್ತಿದ್ದ ಕಾಲಕ್ಕೆ, 1900 ರಲ್ಲಿ, ಅದೇ ಬೇನೆ ನದಿಯ ತೆಂಕಣ ದಂಡೆಯ ಗಾರ್ಬಲ್ಸ್ ಕೇರಿಯಲ್ಲಿ ಕಾಣಿಸಿಕೊಂಡು 16 ಜನರನ್ನು ಬಲಿತೆಗೆದುಕೊಂಡಿತು.

ಆ ನಗರದ ಮುನಸಿಪಾಲಿಟಿಯು ಕೈಕಟ್ಟಿ ಕುಳಿತಿತ್ತೆಂದು ಹೇಳಿದರೆ ಅನ್ಯಾಯವಾದೀತು. 1859 ರಲ್ಲಿ ಕ್ಯಾಟ್ರಿನ್ ಸರೋವರದ ನೀರನ್ನು ಮೂವತ್ತಕ್ಕೂ ಹೆಚ್ಚು ಮೈಲುಗಳಿಂದ ತಂದು ಮನೆಮನೆಗೆ ಕೊಟ್ಟಿತು. 1894 ರಲ್ಲಿ ಟ್ರಾಮುಗಳನ್ನು ತನ್ನ ಕೈಗೇ ತೆಗೆದುಕೊಂಡಿತು. ಹೊರದೇಶಗಳ ಜನರು ಆ ಆಡಳಿತವನ್ನು ನೋಡಿ ಕಲಿಯಲು ಬರುತ್ತಿದ್ದರು. ಆದರೆ ನೀರು, ದೀಪ, ಟ್ರಾಮುಗಳಲ್ಲಿ ತೋರಿಸಿದ ಧೈರ್ಯವನ್ನು ಮನೆಯ ವಿಷಯದಲ್ಲಿ ತೋರಿಸಲಿಲ್ಲ. 1866 ರ ಕಾಯದೆಯಂತೆ ಹಳೆಯ ಓಣಿಗಳನ್ನು ಕೆಡವಿದರು, ಕೆಡವಿದಷ್ಟನ್ನು ಕಟ್ಟಲಿಲ್ಲ. ಬಾಡಿಗೆಯ ಮನೆಯು ಸಾಹುಕಾರನ ಸ್ವತ್ತು, ಅದರಲ್ಲಿ ಕೈಹಾಕುವದು ಅಧರ್ಮವೆಂಬದು ಅಂದಿನವರ ಮತ.

ಈ ಮತವನ್ನು ಮುರಿದವರು ಹೆಣ್ಣುಮಕ್ಕಳು. 1915 ರಲ್ಲಿ ಯುದ್ಧದ ಹಡಗುಗಳನ್ನು ಕಟ್ಟಲು ಗೋವನ್ ಭಾಗಕ್ಕೆ ಸಾವಿರಾರು ಕೂಲಿಕಾರರು ಬಂದು ಸೇರಲು, ಮನೆಗಳ ಮಾಲಕರು ಬಾಡಿಗೆಯನ್ನು ಏರಿಸಿದರು. ಗಂಡಂದಿರು ಕೆಲವರು ರಣರಂಗದಲ್ಲಿ, ಕೆಲವರು ಕಾರಖಾನೆಯಲ್ಲಿ. ಮೇರಿ ಬಾರ್ಬರ್ ಎಂಬ ಗೃಹಿಣಿಯ ಮುಂದಾಳುತನದಲ್ಲಿ ಹೆಣ್ಣುಮಕ್ಕಳು ಏರಿಸಿದ ಬಾಡಿಗೆಯನ್ನು ಕೊಡೆವೆಂದು ಸಂಪು ಹೂಡಿದರು. ಕಿಡಿಕಿಗಳಿಗೆ ಕಾಗದ ಅಂಟಿಸಿದರು. ಜಪ್ತಿಗೆ ಬೇಲೀಫನು ಬಂದಾಗ ಗಂಟೆ ಬಾರಿಸಿ ಓಣಿಯನ್ನೆಲ್ಲ ಕೂಡಿಸಿ, ಹಿಟ್ಟನ್ನು ಎರಚಿ, ಅವನನ್ನು ಮೆಟ್ಟಿಲಿನಿಂದ ಇಳಿಸಿ ಕಳಿಸಿದರು. ನವೆಂಬರದ ಹೊತ್ತಿಗೆ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ಸಂಸಾರಗಳು ಇದರಲ್ಲಿ ಸೇರಿದ್ದವು. ಆ ತಿಂಗಳ 17 ನೆಯ ತಾರೀಖು ಬಾಕಿದಾರರನ್ನು ಕೋರ್ಟಿಗೆ ಎಳೆದಾಗ ಹಡಗಿನ ಕಾರಖಾನೆಯವರೂ ಕೆಲಸ ಬಿಟ್ಟು ಕೋರ್ಟಿನ ಮುಂದೆ ನೆರೆದರು. ಖಟ್ಲೆಗಳು ಅಲ್ಲಿಗೇ ನಿಂತವು. ವರ್ಷ ಮುಗಿಯುವದರೊಳಗಾಗಿ ಪಾರ್ಲಿಮೆಂಟು ಬಾಡಿಗೆಯನ್ನು ಕಟ್ಟಿಹಾಕುವ ಕಾಯದೆಯನ್ನು ಪಾಸುಮಾಡಿತು. ಅದು ಬ್ರಿಟನ್ ದೇಶಕ್ಕೆಲ್ಲ ಅನ್ವಯಿಸಿತು. ಮತದ ಹಕ್ಕಿಲ್ಲದ ಹೆಣ್ಣುಮಕ್ಕಳು ಕಾಯದೆಯನ್ನು ಮಾಡಿಸಿದರೆಂಬ ಮಾತನ್ನು ಇತಿಹಾಸದ ಪುಸ್ತಕಗಳು ಬಹುಕಾಲ ಒಂದು ಸಾಲಿನಲ್ಲಿ ಮುಗಿಸಿದವು. ಬಾರ್ಬರ್ ಬಾಯಿಯವರ ಪ್ರತಿಮೆ ಗೋವನ್ನಿನಲ್ಲಿ ನಿಂತದ್ದು 2018 ರಲ್ಲಿ.

ನಮ್ಮ ವಾಚಕರಲ್ಲಿ ಶಾಲಾಮಾಸ್ತರರು ಬಹಳ. ಅವರಿಗಾಗಿ ಒಂದು ಮಾತು. ಅಂದಿನ ಚಳುವಳಿಯ ಇಬ್ಬರು ಮುಖ್ಯರು ಶಾಲೆಯ ಮಾಸ್ತರರೇ. ಜಾನ್ ಮೆಕ್ಲೀನನು ಹಗಲು ಮಕ್ಕಳಿಗೆ ಕಲಿಸಿ ಸಂಜೆಗೆ ಕೂಲಿಕಾರರಿಗೆ ಅರ್ಥಶಾಸ್ತ್ರ ಹೇಳುತ್ತಿದ್ದನು. ಯುದ್ಧದ ವಿರುದ್ಧ ಮಾತಾಡಿದ್ದಕ್ಕಾಗಿ ನೌಕರಿ ಕಳೆದುಕೊಂಡು, ಮತ್ತೆ ಮತ್ತೆ ಸೆರೆಮನೆ ಕಂಡು, ಮೈ ಸವೆದು 1923 ರಲ್ಲಿ 44 ನೆಯ ವಯಸ್ಸಿನಲ್ಲಿ ತೀರಿಕೊಂಡನು. ಜೇಮ್ಸ್ ಮ್ಯಾಕ್ಸ್‌ಟನ್ನನು 1922 ರ ಚುನಾವಣೆಯಲ್ಲಿ ಆರಿಸಿಬಂದು ಸಾಯುವವರೆಗೆ ಬ್ರಿಜ್‌ಟನ್ ಭಾಗದ ಪ್ರತಿನಿಧಿಯಾಗಿದ್ದನು. ಆ ಚುನಾವಣೆಯಲ್ಲಿ ನಗರದ 15 ಸ್ಥಾನಗಳಲ್ಲಿ 10 ಮಜೂರಪಕ್ಷಕ್ಕೆ ಬಂದವು. ಆರಿಸಿಬಂದವರಲ್ಲೊಬ್ಬನು ಜಾನ್ ವೀಟ್ಲಿ, ಐರ್ಲಂಡದಲ್ಲಿ ಹುಟ್ಟಿ ಕಲ್ಲಿದ್ದಲಿನ ಗಣಿಯಲ್ಲಿ ದುಡಿದವನು. 1924 ರಲ್ಲಿ ಮಂತ್ರಿಯಾದಾಗ ಅವನು ಮಾಡಿಸಿದ ಕಾಯದೆಯಿಂದ ಬ್ರಿಟನ್ನಿನಲ್ಲಿ ಸುಮಾರು ಐದು ಲಕ್ಷ ಮುನಸಿಪಲ್ ಮನೆಗಳು ಎದ್ದವು. ಒಂಬತ್ತೇ ತಿಂಗಳು ಬಾಳಿದ ಮಂತ್ರಿಮಂಡಲವು ಮಾಡಿದ ಕೆಲಸವಿದು!

ಆದರೆ ಮನೆ ಕಟ್ಟುವ ಅಧಿಕಾರ ಕೈಗೆ ಬಂದ ಮೇಲೆ ನಗರಸಭೆಯೂ ತಪ್ಪಿತು. ಬಾಡಿಗೆದಾರರನ್ನು ಅದು ದರ್ಜೆಗಳಾಗಿ ವಿಂಗಡಿಸಿತು. ಸ್ಥಿರ ಸಂಬಳದವರಿಗೆ ನೈಟ್ಸ್‌ವುಡ್ಡಿನ ಅಂಗಳ-ತೋಟದ ಮನೆ; ಕೊಳಚೆ ಓಣಿಯಿಂದ ಬಂದವರಿಗೆ ಬ್ಲ್ಯಾಕ್‌ಹಿಲ್ಲಿನ ಕೆಳದರ್ಜೆಯ ಚಾಳು. ವಿಳಾಸ ಹೇಳಿದೊಡನೆ ಮನುಷ್ಯನ ಕಿಮ್ಮತ್ತು ಗೊತ್ತಾಗುವಂತೆ ಮಾಡಿದ್ದು ಹೀಗೆ. ಜಾತಿಯೆಂಬದು ನಮ್ಮ ದೇಶದ ಸೊತ್ತೆಂದು ಹೇಳುವ ಪಶ್ಚಿಮದ ಪಂಡಿತರು ಬ್ಲ್ಯಾಕ್‌ಹಿಲ್ಲನ್ನು ನೋಡಿಬರಬಹುದಿತ್ತು. ಎರಡನೆಯ ಮಹಾಯುದ್ಧದ ನಂತರ ನಗರದ 29 ಕ್ಷೇತ್ರಗಳನ್ನು ಗುರುತಿಸಿ, ಗಾರ್ಬಲ್ಸ್ ಮೊದಲಾದವುಗಳನ್ನು ನೆಲಸಮ ಮಾಡುವದೆಂದು ಗೊತ್ತುಮಾಡಿದರು. ಜನರನ್ನು ಊರ ಅಂಚಿನ ಈಸ್ಟರ್‌ಹೌಸ್, ಡ್ರಮ್‌ಚಾಪೆಲ್, ಕ್ಯಾಸಲ್‌ಮಿಲ್ಕ್, ಪೊಲ್ಲಕ್ ಎಂಬ ನಾಲ್ಕು ಬಡಾವಣೆಗಳಿಗೆ ಸಾಗಿಸಿದರು. ಮನೆಯೊಳಗೆ ಸ್ನಾನದ ಕೋಣೆ ಬಂದಿತು, ಅದು ಸಣ್ಣ ಸುಖವಲ್ಲ. ಆದರೆ ಅಂಗಡಿ, ಕೂಡುವ ಚಾವಡಿ, ಕೆಲಸದ ಸ್ಥಳ ಒಂದೂ ಬಹುಕಾಲ ಬರಲಿಲ್ಲ. ರೆಡ್ ರೋಡಿನಲ್ಲಿ 1964 ರಿಂದ 31 ಅಂತಸ್ತಿನ ಗೋಪುರಗಳನ್ನೆಬ್ಬಿಸಿದರು. ಅರ್ಧಶತಮಾನ ತುಂಬುವದರೊಳಗೇ, 2012 ರಿಂದ 2015 ರವರೆಗೆ, ಅವನ್ನು ಉರುಳಿಸಿದರು. 2014 ರ ಕಾಮನ್‌ವೆಲ್ತ್ ಕ್ರೀಡೆಗಳ ಆರಂಭೋತ್ಸವದಲ್ಲಿ ಅವುಗಳ ಉರುಳುವಿಕೆಯನ್ನೇ ಲೋಕಕ್ಕೆ ತೋರಿಸಬೇಕೆಂದು ಯೋಚಿಸಿದ್ದರು. ಜನರು ವಾಸಿಸಿದ ಮನೆಗಳ ನಾಶವನ್ನು ಬಾಣಬಿರುಸಿನಂತೆ ನೋಡುವದುಂಟೇ ಎಂದು ನಾಗರಿಕರು ಕೂಗೆಬ್ಬಿಸಲು ಆ ಯೋಚನೆಯನ್ನು ಬಿಟ್ಟರು. ಗೋವನ್ನಿನಲ್ಲಿ ಮಾತ್ರ 1970 ರ ದಶಕದಲ್ಲಿ ಜನರೇ ಸಂಘ ಕಟ್ಟಿಕೊಂಡು, ಹಳೆಯ ಚಾಳನ್ನು ಕೆಡವದೆ ಒಳಗೆ ಸ್ನಾನದ ಕೋಣೆಗಳನ್ನು ಕೂಡಿಸಿ, ಇದ್ದಲ್ಲಿಯೇ ಇದ್ದರು. ಆ ಕಲ್ಲಿನ ಮನೆಗಳು ಇಂದಿಗೂ ನಿಂತಿವೆ.

ಇದಕ್ಕಿಂತ ದೊಡ್ಡ ಕೆಡುಕು ಬೇರೊಂದಿತ್ತು. ಈಸ್ಟ್ ಕಿಲ್‌ಬ್ರೈಡ್, ಕಂಬರ್ನಾಲ್ಡ್ ಮೊದಲಾದ ಹೊಸ ಪಟ್ಟಣಗಳನ್ನು ಕಟ್ಟಿ, ನಗರದ ಹೆಚ್ಚಿನ ಜನರನ್ನು ಅಲ್ಲಿಗೆ ಒಯ್ಯುವದು ಸರಕಾರದ ಧೋರಣೆ. ಒಯ್ದವರು ಯಾರನ್ನು? ತರುಣರನ್ನು, ಕೈಕಸಬು ಬಲ್ಲವರನ್ನು. ಮುದುಕರೂ ರೋಗಿಗಳೂ ಕೆಲಸವಿಲ್ಲದವರೂ ಹಿಂದುಳಿದರು. ಹಾಲಿನ ಕೆನೆ ತೆಗೆದು ನೀರನ್ನು ಗಡಿಗೆಯಲ್ಲಿ ಬಿಟ್ಟಂತಾಯಿತು. 2010 ರಲ್ಲಿ ಪ್ರಕಟವಾದ ಪರಿಶೋಧನೆಯೊಂದರಂತೆ, ಅಷ್ಟೇ ಬಡತನವುಳ್ಳ ಲಿವರ್‌ಪೂಲ್, ಮ್ಯಾಂಚೆಸ್ಟರ್‌ಗಳಿಗಿಂತ ಗ್ಲಾಸ್ಗೋದಲ್ಲಿ ಅಕಾಲಮರಣಗಳು ನೂರಕ್ಕೆ 30 ರಷ್ಟು ಹೆಚ್ಚು. ಕುಡಿತವೆಂದೂ ಹವೆಯೆಂದೂ ಎಣ್ಣೆಯಲ್ಲಿ ಕರಿದ ತಿನಿಸೆಂದೂ ಬುದ್ಧಿವಂತರು ಕಾರಣಗಳನ್ನು ಹುಡುಕಿದರು. 2016 ರ ವರದಿಯು ಸರಕಾರದ ಹಳೆಯ ಕಡತಗಳನ್ನು ತೆರೆದುನೋಡಿ, ಮೇಲೆ ಹೇಳಿದ ಧೋರಣೆಯೂ ಒಂದು ಮುಖ್ಯ ಕಾರಣವೆಂದಿತು. ನಗರಕ್ಕೆ ಹಾನಿಯಾಗುತ್ತಿರುವದು ಅಧಿಕಾರಿಗಳಿಗೆ ತಿಳಿದೇ ಇತ್ತೆಂದೂ ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ 2008 ರ ವರದಿಯಲ್ಲಿ ಕಾಲ್ಟನ್ ಮತ್ತೆ ಬರುವದು. ಅಲ್ಲಿಯ ಗಂಡಸಿನ ಆಯುಷ್ಯದ ಸರಾಸರಿ 54 ವರ್ಷ. ಕೆಲವೇ ಮೈಲು ದೂರದ ಲೆಂಝಿಯಲ್ಲಿ 82. ಮನೆಯಿಲ್ಲದವರ ವಸತಿಗೃಹಗಳು ಕಾಲ್ಟನ್ನಿನಲ್ಲಿ ಕೂಡಿದ್ದುದರಿಂದ ಅಂಕೆಯು ಅಷ್ಟು ಕೆಳಗಿಳಿಯಿತೆಂದು ಕೆಲವರು ಆಕ್ಷೇಪಿಸಿದ್ದಾರೆ. ಇರಬಹುದು, ಮನೆಯಿಲ್ಲದವರೂ ಮನುಷ್ಯರೇ ಅಲ್ಲವೇ?

ಈ ಲೆಂಝಿಯು ಗ್ಲಾಸ್ಗೋ ನಗರಸಭೆಯ ಎಲ್ಲೆಯ ಹೊರಗಿದೆಯೆಂಬದನ್ನು ಗಮನಿಸಬೇಕು. ಬೇರ್ಸ್‌ಡನ್, ನ್ಯೂಟನ್ ಮೇರ್ನ್ಸ್ ಎಂಬ ಸಿರಿವಂತರ ಉಪನಗರಗಳೂ ಹೊರಗೇ ಇವೆ. 1912 ರಲ್ಲಿ ಕೂಲಿಕಾರರ ಗೋವನ್, ಪಾರ್ಟಿಕ್ ಎಂಬ ಸ್ವತಂತ್ರ ಪಟ್ಟಣಗಳನ್ನು ಅವುಗಳ ಇಷ್ಟಾನಿಷ್ಟಗಳನ್ನು ಲೆಕ್ಕಿಸದೆ ನಗರದಲ್ಲಿ ಸೇರಿಸಲಾಯಿತು. 1975 ರಿಂದ ಸ್ಟ್ರಾತ್‌ಕ್ಲೈಡ್ ಎಂಬ ದೊಡ್ಡ ಪ್ರಾಂತಸಭೆಯಿತ್ತು. ಉಪನಗರದ ಕರವೂ ಈಸ್ಟರ್‌ಹೌಸಿನ ಶಾಲೆಯೂ ಒಂದೇ ಬೊಕ್ಕಸದೊಳಗಿದ್ದವು. 1996 ರಲ್ಲಿ ಲಂಡನ್ನಿನ ಸರಕಾರವು ಅದನ್ನು ಒಡೆದುಹಾಕಿತು. ಅಂದಿನಿಂದ ನಗರದಲ್ಲಿ ಗಳಿಸಿ, ನಗರದ ರಸ್ತೆಗಳಲ್ಲಿ ಓಡಾಡಿ, ನಗರದ ಪದಾರ್ಥಸಂಗ್ರಹಾಲಯಗಳನ್ನು ಪುಕ್ಕಟೆ ನೋಡಿ, ಸಂಜೆಗೆ ಎಲ್ಲೆಯಾಚೆಗೆ ಮಲಗಿ ಮನೆಯ ಕರವನ್ನು ಅಲ್ಲಿಯೇ ಕೊಡುವವರು ಲಕ್ಷಗಟ್ಟಲೆ. ಒಂದೇ ಜನಜೀವನವನ್ನು ಕಾಗದದ ಮೇಲಿನ ಗೆರೆಯಿಂದ ತುಂಡರಿಸಿದರೆ ಏನಾಗುವದೆಂಬದನ್ನು ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಗರದ ಎಲ್ಲೆಯನ್ನು ಜನರ ನಿಜವಾದ ಬಾಳಿಗೆ ಸರಿಯಾಗಿ ಹಿಗ್ಗಿಸಬೇಕು, ಇಲ್ಲವೆ ಉಪನಗರಗಳ ಕರದಲ್ಲಿ ನಗರಕ್ಕೆ ಪಾಲು ಕೊಡಿಸಬೇಕು ಎಂದು ನಮಗೆ ಸ್ಪಷ್ಟವಾಗಿ ತೋರುತ್ತದೆ.

ನುಡಿಯ ಮಾತನ್ನು ಬಿಡುವಂತಿಲ್ಲ. ಗುಡ್ಡಗಾಡಿನಿಂದ ಬಂದವರ ಮಕ್ಕಳು ಒಂದೆರಡು ತಲೆಮಾರಿನಲ್ಲಿ ಗೇಲಿಕ್ಕನ್ನು ಮರೆತರು. ಶಾಲೆಯಲ್ಲಿ ಅದಕ್ಕೆ ಸ್ಥಳವಿರಲಿಲ್ಲ. 2006 ರಲ್ಲಿ ವುಡ್‌ಸೈಡ್ ಭಾಗದಲ್ಲಿ ಶಿಶುವರ್ಗದಿಂದ ಹೈಸ್ಕೂಲಿನ ಕೊನೆಯವರೆಗೆ ಗೇಲಿಕ್ಕಿನಲ್ಲಿಯೇ ಕಲಿಸುವ ಶಾಲೆಯು ತೆರೆಯಿತು. ಮತಭೇದದ ಕಥೆ ಬೇರೆ. 1887 ರಲ್ಲಿ ಬಡ ಕ್ಯಾಥೊಲಿಕ್ ಮಕ್ಕಳ ಊಟಕ್ಕಾಗಿ ಹಣ ಕೂಡಿಸಲು ಹುಟ್ಟಿದ ಸೆಲ್ಟಿಕ್ ಕಾಲ್ಚೆಂಡಿನ ತಂಡಕ್ಕೂ ಪ್ರಾಟೆಸ್ಟಂಟರ ರೇಂಜರ್ಸ್ ತಂಡಕ್ಕೂ ಇರುವ ಹಗೆ ಆಟದ ಮೈದಾನದಲ್ಲಿ ಮುಗಿಯುವದಿಲ್ಲ.

ರಾಜಕಾರಣದಲ್ಲಿ ಈ ನಗರವು ಈಗ ಯಾರಿಗೂ ಗುಲಾಮವಲ್ಲ. 2014 ರ ಜನಮತಗಣನೆಯಲ್ಲಿ ಸ್ಕಾಟ್ಲಂಡವು ಬ್ರಿಟನ್ನಿನೊಳಗೇ ಉಳಿಯಲು ಒಪ್ಪಿದರೂ ಗ್ಲಾಸ್ಗೋ ಮಾತ್ರ ನೂರಕ್ಕೆ 53 ಕ್ಕೂ ಹೆಚ್ಚು ಮತಗಳಿಂದ ಸ್ವಾತಂತ್ರ್ಯವನ್ನು ಬಯಸಿತು. ಮರುವರ್ಷ ಪಾರ್ಲಿಮೆಂಟಿನ ಏಳು ಸ್ಥಾನಗಳನ್ನೂ ಸ್ಕಾಟಿಷ್ ರಾಷ್ಟ್ರೀಯ ಪಕ್ಷಕ್ಕೆ ಕೊಟ್ಟಿತು. 2024 ರಲ್ಲಿ ಆರಕ್ಕೆ ಆರನ್ನೂ ಮಜೂರಪಕ್ಷಕ್ಕೆ ತಿರುಗಿಸಿತು. ಮನೆಯನ್ನು ಕೊಡದ ಪಕ್ಷವನ್ನು ಈ ಜನರು ಬಹುದಿನ ಇಟ್ಟುಕೊಳ್ಳುವದಿಲ್ಲವೆಂದು ನಾವು ತಿಳಿಯುತ್ತೇವೆ.

ಓಣಿಯ ಹಳೆಯ ಬುದ್ಧಿಯೂ ಸತ್ತಿಲ್ಲ. ತೆಂಕಣ ಭಾಗದ ಪೊಲ್ಲಕ್‌ಶೀಲ್ಡ್ಸ್‌ನಲ್ಲಿ ಪಾಕಿಸ್ತಾನ, ಭಾರತಗಳಿಂದ ಬಂದವರ ವಸತಿ ಬಹಳ. 2021 ರ ಮೇ 13 ರಂದು, ರಮಜಾನ್ ಹಬ್ಬದ ದಿನ ಬೆಳಗ್ಗೆ, ಕೆನ್‌ಮ್ಯೂರ್ ಬೀದಿಗೆ ವಲಸೆ ಖಾತೆಯ ಗಾಡಿ ಬಂದು, ರಹದಾರಿ ಸರಿಯಿಲ್ಲವೆಂದು ಭಾರತೀಯರಿಬ್ಬರನ್ನು ಹಿಡಿದು ಒಳಗೆ ಕೂಡ್ರಿಸಿತು. ನೆರೆಯವನೊಬ್ಬನು ಗಾಡಿಯ ಕೆಳಗೆ ನುಸುಳಿ ಮಲಗಿದನು. ಸುದ್ದಿ ಹಬ್ಬಿ ನೂರಾರು ಜನರು, ಸ್ಕಾಟರೂ ಮುಸಲ್ಮಾನರೂ ಸಿಖ್ಖರೂ, ಬೀದಿಯಲ್ಲಿ ಕುಳಿತುಬಿಟ್ಟರು. ಸುಮಾರು ಎಂಟು ತಾಸು ಗಾಡಿ ಕದಲಲಿಲ್ಲ. ಸಂಜೆಯ ಮುಂದೆ ಪೋಲೀಸರು ಬಾಗಿಲು ತೆರೆದು ಆ ಇಬ್ಬರನ್ನೂ ಬಿಟ್ಟುಕೊಟ್ಟರು. ಜನರು ಅವರನ್ನು ನಡುವಿಟ್ಟುಕೊಂಡು ಅದೇ ಬೀದಿಯಲ್ಲಿ ನಡೆದುಹೋದರು.