ಪುಸ್ತಕ ಮುಚ್ಚಿಸೋಣ

ಹುಡುಗ ಹತ್ತು ಸಲ ಬರೆದಿದ್ದ. ನಾಲ್ಕೂ ಆಂಗ್ಲೋ-ಮೈಸೂರು ಯುದ್ಧ, ಅವುಗಳ ಇಸವಿ, ಕಾರಣ, ಒಪ್ಪಂದ, ಪರಿಣಾಮ. ಮಾರ್ಜಿನ್ ಬಿಟ್ಟು, ತಲೆಬರಹಕ್ಕೆಲ್ಲ ಅಡಿಗೆರೆ ಎಳೆದು, ಇಪ್ಪತ್ತು ಪುಟ. ಬರೆಸಿದವನು ನಾನು. ಟೆಸ್ಟಿನಲ್ಲಿ ತಪ್ಪು ಬರೆದದ್ದಕ್ಕೆ ಕೊಟ್ಟ ಇಂಪೊಸಿಷನ್ ಅದು. ಮರುದಿನ ನೋಟ್‌ಬುಕ್ಕಿಗೆ ಸಹಿ ಹಾಕಿ, ಮುಚ್ಚಿ ಮೇಜಿನ ಮೇಲಿಟ್ಟು ಕೇಳಿದೆ: ‘ಮೂರನೇ ಯುದ್ಧ ಯಾವ ಒಪ್ಪಂದದಿಂದ ಮುಗೀತಪ್ಪಾ?’

ಹುಡುಗ ನನ್ನ ಮುಖ ನೋಡಿದ, ಆಮೇಲೆ ನೆಲ ನೋಡಿದ. ಬಲಗೈಯ ನಡುಬೆರಳಲ್ಲಿ ಪೆನ್ನು ಒತ್ತಿದ ಗುಳಿ ಇನ್ನೂ ಹಾಗೇ ಇತ್ತು. ‘ನನ್ ತಲೇಲಿ ಏನೂ ನಿಲ್ಲಲ್ಲ ಸಾರ್’ ಅಂದ.

ಉತ್ತರ ಶ್ರೀರಂಗಪಟ್ಟಣ. ಅವನು ದಿನಾ ಬಸ್ಸು ಬದಲಿಸುವ ಊರು. ಆ ಹೆಸರನ್ನು ಹತ್ತು ಸಲ ಕೈಯಾರೆ ಬರೆದಿದ್ದಾನೆ, ಆದರೂ ಒಳಗೆ ಇಳಿದಿಲ್ಲ. ಕಣ್ಣು ಮೇಲಿನ ಸಾಲನ್ನು ನೋಡುತ್ತಿತ್ತು, ಕೈ ಕೆಳಗೆ ಇಳಿಸುತ್ತಿತ್ತು. ನೆನಪಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಕೆಲಸ ಕೊಡಬೇಕಾಗಿದ್ದವನು ನಾನು. ಕೊಟ್ಟದ್ದು ಶಿಕ್ಷೆ.

ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಮೇಷ್ಟ್ರೇ, ಮೇಡಂ, ಮನೆಯಲ್ಲಿ ಮಕ್ಕಳನ್ನು ಓದಲು ಕೂರಿಸುವ ಅಪ್ಪ-ಅಮ್ಮಂದಿರೇ, ನಾವೆಲ್ಲ ಸೇರಿ ಮಕ್ಕಳಿಗೆ ಅನ್ಯಾಯ ಮಾಡುತ್ತಿದ್ದೇವೆ. ಒಂದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ ‘ನೆನಪಿಟ್ಕೋ’ ಅನ್ನುತ್ತಲೇ ಬರುತ್ತೇವೆ. ಹೇಗೆ ಎಂದು ಒಂದು ಪೀರಿಯಡ್ಡಾದರೂ ಹೇಳಿಕೊಟ್ಟಿದ್ದೇವೆಯೇ? ಕೊನೆಗೆ ಎಸ್ಸೆಸ್ಸೆಲ್ಸಿ ಅಂಕದ ತಕ್ಕಡಿಯಲ್ಲಿ ತೂಗಿ, ತೂಕ ಬರದವರಿಗೆ ದಡ್ಡ ಎಂಬ ಹೆಸರಿಡುತ್ತೇವೆ. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷದಲ್ಲಿ ಮೂರು ಪರೀಕ್ಷೆ ಬಂದವು. ಒಳ್ಳೆಯದೇ ಆಯಿತು, ಎಷ್ಟೋ ಮಕ್ಕಳಿಗೆ ಒಂದು ವರ್ಷ ಉಳಿಯಿತು. ಆದರೆ ಮೊದಲ ಸಲ ಓದಿದ ಹಾಗೆಯೇ ಮೂರನೇ ಸಲವೂ ಓದುವ ಮಗು ಮೂರು ಸಲ ಸೋತು, ಮೂರು ಸಲವೂ ತನ್ನ ತಲೆಯನ್ನೇ ಬೈದುಕೊಳ್ಳುತ್ತದೆ.

ತಪ್ಪು ತಲೆಯದಲ್ಲ. ಮರೆವು ಎಲ್ಲರ ಸ್ವತ್ತು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ ವರ್ಷಗಟ್ಟಲೆ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು, ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದ. 1885ರಲ್ಲಿ ಅದನ್ನು ಪ್ರಕಟಿಸಿದ. ಕಲಿತದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದು ಗಂಟೆಯೊಳಗೇ ಸೋರಿಹೋಗುತ್ತಿತ್ತು. ಒಂದೇ ಸಲಕ್ಕೆ ಕೂತು ಉರು ಹೊಡೆಯುವುದಕ್ಕಿಂತ ಕೆಲವು ದಿನಗಳಿಗೆ ಹಂಚಿಕೊಂಡು ಕಲಿತರೆ ಗಟ್ಟಿಯಾಗುತ್ತದೆ ಎಂಬುದೂ ಅವನಿಗೆ ಕಂಡಿತ್ತು. ಅವನ ಪುಸ್ತಕ ಬಂದು ನೂರ ನಲವತ್ತು ವರ್ಷ ಆಯಿತು. ನಾವು ಇನ್ನೂ ಡಿಸೆಂಬರಿಗೆ ಪೋರ್ಷನ್ ಮುಗಿಸಿ, ಜನವರಿಯಿಂದ ಅದನ್ನೇ ಮತ್ತೆ ಜೋರಾಗಿ ಓದಿಸುವುದಕ್ಕೆ ರಿವಿಷನ್ ಎಂದು ಕರೆಯುತ್ತಿದ್ದೇವೆ.

ನನ್ನ ಕಣ್ಣು ತೆರೆಸಿದ್ದು ಇನ್ನೊಂದು ಪ್ರಯೋಗ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಮಾಡಿ, 2006ರಲ್ಲಿ ಪ್ರಕಟಿಸಿದ್ದು. ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ನಾಲ್ಕು ಸರದಿ ಓದಿದರು. ಇನ್ನು ಕೆಲವರು ಒಂದು ಸರದಿ ಓದಿ, ಮೂರು ಸರದಿ ಪಾಠವನ್ನು ನೋಡದೆ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದು: ಅವರಿಗೆ ನೂರಕ್ಕೆ 83, ಇವರಿಗೆ 71. ಒಂದು ವಾರ ಬಿಟ್ಟು ಕೇಳಿದರೆ ಓದಿದವರಲ್ಲಿ ಉಳಿದದ್ದು 40, ನೆನಪಿಸಿಕೊಂಡು ಬರೆದವರಲ್ಲಿ 61. ಆ ಮೊದಲ ಐದು ನಿಮಿಷವೇ ನಮ್ಮ ಮಕ್ಕಳಿಗೆ ಮೋಸ ಮಾಡುತ್ತಿರುವುದು. ಪುಟ ಮತ್ತೆ ಮತ್ತೆ ಓದಿದಾಗ ಎಲ್ಲ ಗೊತ್ತು ಅನಿಸುತ್ತದೆ. ಹಳದಿ ಪೆನ್ನಿನಲ್ಲಿ ಗೆರೆ ಎಳೆದಾಗ ಮನಸ್ಸಿಗೆ ಸಮಾಧಾನವೂ ಆಗುತ್ತದೆ. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಮಾತ್ರ ಎಲ್ಲ ಖಾಲಿ. ನಿನ್ನೆ ರಾತ್ರಿ ನೀರು ಕುಡಿದ ಹಾಗೆ ಬರುತ್ತಿದ್ದದ್ದು ಎಲ್ಲಿ ಹೋಯಿತು ಎಂದು ಆ ಮಗು ಬೆವರುವುದನ್ನು ಪರೀಕ್ಷಾ ಕೊಠಡಿಯಲ್ಲಿ ಎಷ್ಟು ಸಲ ನೋಡಿದ್ದೇವೆ! ನೋಡಿಯೂ, ಸರಿಯಾಗಿ ಓದಿಲ್ಲ ಅಂದಿದ್ದೇವೆ.

ನೆನಪಿನ ವಿದ್ಯೆ ನಮಗೇನು ಹೊರಗಿನದಲ್ಲ. ನಮ್ಮ ಅಜ್ಜಿಯರು ಮುಷ್ಟಿ ಹಿಡಿಸಿ, ಬೆರಳ ಗೆಣ್ಣಿನ ಏರು-ತಗ್ಗು ಎಣಿಸಿ, ಯಾವ ತಿಂಗಳಿಗೆ ಮೂವತ್ತೊಂದು ದಿನ ಎಂದು ಹೇಳಿಕೊಟ್ಟವರು. ಅವಧಾನಿಗಳು ಇವತ್ತಿಗೂ ಸಭೆಯ ನಡುವೆ ಕೂತು, ಗಂಟೆ ಹೊಡೆದು ಗಮನ ಕೆಡಿಸಿದರೂ ಪದ್ಯದ ಎಳೆ ಬಿಡದೆ ಪೂರೈಸುತ್ತಾರೆ. ಕನ್ನಡ ಮೇಷ್ಟ್ರುಗಳ ಕೈಯಲ್ಲಂತೂ ‘ಯಮಾತಾರಾಜಭಾನಸಲಗಂ’ ಎಂಬ ಬಂಗಾರದ ಸೂತ್ರವಿದೆ. ಹತ್ತಕ್ಷರ. ಮೊದಲ ಮೂರು ತೆಗೆದುಕೊಳ್ಳಿ: ಯ-ಮಾ-ತಾ. ಒಂದು ಲಘು, ಎರಡು ಗುರು, ಅದೇ ಯಗಣ. ಒಂದಕ್ಷರ ಮುಂದೆ ಸರಿಯಿರಿ: ಮಾ-ತಾ-ರಾ. ಮೂರೂ ಗುರು, ಮಗಣ. ಹೀಗೆ ಸರಿಯುತ್ತ ಹೋದರೆ ಎಂಟೂ ಗಣ ಅಷ್ಟರಲ್ಲೇ ಸಿಗುತ್ತವೆ. ಇಷ್ಟು ಚೆಂದದ ಕೀಲಿಯನ್ನು ನಾವು ಬೋರ್ಡಿನ ಮೇಲೆ ಬರೆದು, ಇದನ್ನೂ ಬಾಯಿಪಾಠ ಮಾಡಿ ಅಂದುಬಿಡುತ್ತೇವೆ. ಬೀಗ ಯಾವುದು, ಹೇಗೆ ತೆರೆಯುತ್ತದೆ ಎಂದು ಮಗುವಿನ ಕೈಯಲ್ಲೇ ತಿರುಗಿಸಿ ತೋರಿಸಲು ಹತ್ತು ನಿಮಿಷ ಸಾಕು.

ಆದರೆ ಒಂದು ಮಾತು. ಇಂಥ ಸೂತ್ರಗಳು ಕಾರಣವಿಲ್ಲದ ವಿಷಯಕ್ಕೆ. ಜುಲೈಗೂ ಆಗಸ್ಟಿಗೂ ಯಾಕೆ ಮೂವತ್ತೊಂದು ದಿನ ಎಂದು ಕೇಳಿ ಮಗುವಿಗೆ ಆಗಬೇಕಾದ್ದೇನೂ ಇಲ್ಲ, ಗೆಣ್ಣು ಎಣಿಸಿದರೆ ಆಯಿತು. ಕಾರಣ ಇರುವ ಕಡೆ ಕಾರಣವನ್ನೇ ಹಿಡಿಸಬೇಕು. ನಾನು ಆ ಹುಡುಗನಿಗೆ ಹತ್ತು ಸಲ ಬರೆಸಿದ ಯುದ್ಧಗಳನ್ನೇ ನೋಡಿ. ಮೊದಲನೆಯದರಲ್ಲಿ ಹೈದರ್ ಮದ್ರಾಸಿನ ಬಾಗಿಲಿಗೇ ಹೋಗಿ ನಿಂತ, ಅದಕ್ಕೇ 1769ರ ಒಪ್ಪಂದ ಮದ್ರಾಸಿನದು. ಎರಡನೆಯದರ ಹೊತ್ತಿಗೆ ಟಿಪ್ಪು ಮಂಗಳೂರಿನಲ್ಲಿದ್ದ, ಇಂಗ್ಲಿಷರ ಪ್ರತಿನಿಧಿಗಳೇ ಅಲ್ಲಿಗೆ ಬಂದು 1784ರಲ್ಲಿ ಸಹಿ ಹಾಕಿದರು. ಮೂರನೆಯದರಲ್ಲಿ ಶತ್ರು ನಮ್ಮ ರಾಜಧಾನಿಗೇ ಬಂದಿದ್ದ. 1792, ಶ್ರೀರಂಗಪಟ್ಟಣ. ಅರ್ಧ ರಾಜ್ಯ ಹೋಯಿತು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಬಿತ್ತು, ಟಿಪ್ಪು ತನ್ನ ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. 1799ರ ಮೇ 4ರಂದು ನಾಲ್ಕನೆಯದು ಮುಗಿದಾಗ ಒಪ್ಪಂದಕ್ಕೆ ಕೂರಲು ಟಿಪ್ಪುವೇ ಇರಲಿಲ್ಲ. ಮದ್ರಾಸು, ಮಂಗಳೂರು, ಶ್ರೀರಂಗಪಟ್ಟಣ: ಯುದ್ಧ ಹೆಜ್ಜೆ ಹೆಜ್ಜೆಗೂ ಮನೆಯ ಹತ್ತಿರ ಬರುತ್ತಿದೆ. ಊರುಗಳ ಹೆಸರೇ ಕಥೆ ಹೇಳುತ್ತವೆ. ಹೀಗೆ ಒಮ್ಮೆ ಕೇಳಿದ ಮಗು ಎರಡು ದಿನ ಬಿಟ್ಟು ಪುಸ್ತಕ ಮುಚ್ಚಿ ತಾನೇ ಒಮ್ಮೆ ಹೇಳಲಿ, ವಾರ ಬಿಟ್ಟು ಇನ್ನೊಮ್ಮೆ, ತಿಂಗಳು ಬಿಟ್ಟು ಮತ್ತೊಮ್ಮೆ. ಇಪ್ಪತ್ತು ಪುಟ ಬೇಕಿಲ್ಲ.

ಮೇಷ್ಟ್ರೇ, ನಾನು ಕೇಳುತ್ತಿರುವುದು ಪೀರಿಯಡ್ಡಿನ ಮೊದಲ ಹತ್ತು ನಿಮಿಷ. ಎಲ್ಲರ ಪುಸ್ತಕ ಮುಚ್ಚಿಸಿ. ನಿನ್ನೆಯ ಪಾಠದಿಂದ ಎರಡು, ಹೋದ ವಾರದ್ದರಿಂದ ಒಂದು, ಜುಲೈಯಲ್ಲಿ ಮುಗಿಸಿದ್ದರಿಂದ ಒಂದು ಪ್ರಶ್ನೆ ಕೇಳಿ. ಹಾಳೆಯಲ್ಲಿ ಬರೆಯಲಿ, ಆಮೇಲೆ ತಾವೇ ಪುಸ್ತಕ ತೆರೆದು ತಿದ್ದಿಕೊಳ್ಳಲಿ. ಅಂಕ ಕೊಡಬೇಡಿ, ಎಷ್ಟು ಸರಿ ಎಂದು ಎದ್ದು ನಿಲ್ಲಿಸಿ ಕೇಳಬೇಡಿ. ನೆನಪಿಸಿಕೊಳ್ಳಲು ತಿಣುಕುವ ಆ ಅರ್ಧ ನಿಮಿಷದಲ್ಲೇ ಕಲಿಕೆ ನಡೆಯುತ್ತಿರುತ್ತದೆ. ಅಲ್ಲಿ ಅವಮಾನ ಸೇರಿಸಿದರೆ ಮಗು ತಿಣುಕುವುದನ್ನೇ ಬಿಟ್ಟು ಪಕ್ಕದವರ ಹಾಳೆ ನೋಡುತ್ತದೆ. ಪೋರ್ಷನ್ ಹಿಂದೆ ಬೀಳುತ್ತದೆ ಅನ್ನುತ್ತೀರಿ. ಬೀಳಲಿ. ಮುಗಿಸಿದ್ದೇವೆ ಎಂದು ಡೈರಿಯಲ್ಲಿ ಬರೆದು, ಮಕ್ಕಳ ತಲೆಯಲ್ಲಿ ಏನೂ ಉಳಿಯದ ಪೋರ್ಷನ್ನಿಗೆ ನಾವು ಯಾರಿಗೆ ಲೆಕ್ಕ ಕೊಡುತ್ತಿದ್ದೇವೆ? ಹೆಡ್‌ಮಾಸ್ಟರುಗಳು ಆ ಹತ್ತು ನಿಮಿಷಕ್ಕೆ ರಕ್ಷಣೆಯಾಗಿ ನಿಲ್ಲಬೇಕು. ಫೆಬ್ರವರಿಯಲ್ಲಿ ಪಾಸಿಂಗ್ ಪ್ಯಾಕೇಜ್ ಹಂಚುವ ಕೈಗಳು ಜೂನಿನಲ್ಲೇ ಇದನ್ನು ಶುರು ಮಾಡಬೇಕು.

ಅಪ್ಪ-ಅಮ್ಮಂದಿರಲ್ಲಿ ಕೈಮುಗಿದು ಕೇಳುತ್ತೇನೆ, ಮಕ್ಕಳನ್ನು ಮಲಗಲು ಬಿಡಿ. ರಾತ್ರಿ ಹನ್ನೆರಡರವರೆಗೆ ಕೂರಿಸಿ ಬೆಳಗಿನ ನಾಲ್ಕಕ್ಕೆ ಅಲಾರಾಂ ಇಟ್ಟರೆ, ಹಗಲು ಕಲಿತದ್ದು ಗಟ್ಟಿಯಾಗುವ ಹೊತ್ತನ್ನೇ ಕಿತ್ತುಕೊಂಡ ಹಾಗೆ. ಬೆಳಗ್ಗೆ ಬೇಗ ಏಳಬೇಕಾದರೆ ರಾತ್ರಿ ಬೇಗ ಮಲಗಲಿ. ನಮಗೆ ಓದು ಬರಲ್ಲ, ನಾವೇನು ಹೇಳಿಕೊಡೋಣ ಎಂದು ಹಿಂದೆ ಸರಿಯಬೇಡಿ. ಓದು ಬರದ ತಾಯಿ ಮಾಡಿಸಿದಷ್ಟು ಒಳ್ಳೆಯ ರಿವಿಷನ್ ಯಾವ ಟ್ಯೂಷನ್ನಿನಲ್ಲೂ ಆಗುವುದನ್ನು ನಾನು ಕಂಡಿಲ್ಲ.

ಈ ವರ್ಷ ನನ್ನ ಕ್ಲಾಸಿನ ಒಬ್ಬಳು ಹುಡುಗಿಗೆ ಹೇಳಿದ್ದೆ, ದಿನಾ ರಾತ್ರಿ ಒಂದು ಪಾಠವನ್ನು ಪುಸ್ತಕ ನೋಡದೆ ಮನೆಯಲ್ಲಿ ಯಾರಿಗಾದರೂ ಹೇಳು ಎಂದು. ಅವಳ ತಾಯಿ ಕಬ್ಬಿನ ಗದ್ದೆಗೆ ಕೂಲಿಗೆ ಹೋಗುವವರು, ಅಕ್ಷರ ಬರುವುದಿಲ್ಲ. ಒಲೆಯ ಮುಂದೆ ಮುದ್ದೆ ತಿರುವುತ್ತಾ ‘ಹೇಳು ಮಗಾ’ ಅಂದರಂತೆ. ಹುಡುಗಿ ಹೇಳಿದ್ದಾಳೆ, ನಡುವೆ ಎರಡು ಕಡೆ ತಡವರಿಸಿದ್ದಾಳೆ, ಪುಸ್ತಕ ನೋಡಿಕೊಂಡು ಬಂದು ಮತ್ತೆ ಹೇಳಿದ್ದಾಳೆ. ಮೂರನೇ ಯುದ್ಧಕ್ಕೆ ಬಂದಾಗ ತಾಯಿ ಕೋಲು ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರಂತೆ.

ಮರುದಿನ ಪ್ರಾರ್ಥನೆಗೆ ಮುಂಚೆಯೇ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಪುಸ್ತಕವಿರಲಿಲ್ಲ.

‘ಸಾರ್, ಆ ಇಬ್ರು ಮಕ್ಕಳನ್ನ ವಾಪಸ್ ಬುಟ್ರಾ? ನಮ್ಮವ್ವ ಕೇಳ್ತು.’