ಹೊಗೆಯ ಬಾಗಿಲು ದೊಡ್ಡದಾದರೆ ಸಾಕೇ?

ಸೌದೆ ಒಲೆಯ ಮನೆಗಳಲ್ಲಿ ಹೊಗೆಗೂಡು ಕಿರಿದಾಗಿದ್ದರೆ ಅಡಿಗೆ ಮಾಡುವವರು ಕಣ್ಣುಜ್ಜಿಕೊಳ್ಳುತ್ತಲೇ ಇರಬೇಕಾಗುತ್ತದೆ. ಗೂಡನ್ನು ಅಗಲ ಮಾಡಿಸಿದರೆ ಹೊಗೆ ಸರಾಗವಾಗಿ ಹೋಗುತ್ತದೆ, ಒಲೆಯೂ ಚೆನ್ನಾಗಿ ಉರಿಯುತ್ತದೆ. ಇದೇ ತರ್ಕವನ್ನು ಎಂಜಿನ್ನಿಗೂ ಅನ್ವಯಿಸಿ, ಹೊಗೆ ಹೊರಬೀಳುವ ದಾರಿಯನ್ನು ಅರದಿಂದ ಉಜ್ಜಿ ದೊಡ್ಡದು ಮಾಡಿದರೆ ಶಕ್ತಿ ತಾನಾಗಿ ಹೆಚ್ಚುತ್ತದೆ ಎಂದು ನಂಬಿದ ಹುಡುಗರು ಪ್ರತಿ ಊರಿನ ಗ್ಯಾರೇಜಿನಲ್ಲೂ ಸಿಗುತ್ತಾರೆ. ಅವರ ನಂಬಿಕೆ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಎಲ್ಲಿಯವರೆಗೆ ನಿಜ, ಎಲ್ಲಿಂದ ಸುಳ್ಳು ಎಂಬುದನ್ನು ತಿಳಿಯಲು ಒಂದು ವಿಚಿತ್ರ ಎಂಜಿನ್ನಿನ ಒಳಹೊಕ್ಕು ನೋಡಬೇಕು. ಅದೇ ವಾಂಕೆಲ್ ಎಂಜಿನ್ ಅಥವಾ ರೋಟರಿ ಎಂಜಿನ್.

ಜರ್ಮನಿಯ ಲಾರ್ ಎಂಬ ಊರಿನಲ್ಲಿ 1902ರಲ್ಲಿ ಹುಟ್ಟಿದ ಫೆಲಿಕ್ಸ್ ವಾಂಕೆಲ್‌ಗೆ ಎಂಜಿನಿಯರಿಂಗ್ ಪದವಿ ಇರಲಿಲ್ಲ. ಪಿಸ್ಟನ್ ಮೇಲೆ ಹೋಗಿ ನಿಂತು, ಕೆಳಗೆ ಬಂದು ನಿಂತು, ಮತ್ತೆ ಓಡುವುದು ಆತನಿಗೆ ದಂಡವೆನಿಸಿತು. ಸುತ್ತುವ ಚಕ್ರವನ್ನು ನಡೆಸಲು ಸುತ್ತುವ ಯಂತ್ರವೇ ಏಕಿರಬಾರದು? ಎನ್‌ಎಸ್‌ಯು ಕಂಪನಿಯ ನೆರವಿನಿಂದ 1957ರಲ್ಲಿ ಆತನ ಮೊದಲ ಎಂಜಿನ್ ಓಡಿತು. ಇಂದು ಎಲ್ಲರಿಗೂ ಗೊತ್ತಿರುವ ರೂಪವನ್ನು ಅದಕ್ಕೆ ಕೊಟ್ಟವರು ಅದೇ ಕಂಪನಿಯ ಹಾನ್ಸ್ ಡೀಟರ್ ಪಾಶ್ಕೆ.

ನೆಲಗಡಲೆಯ ಕಾಯನ್ನು ನೆನಪಿಸಿಕೊಳ್ಳಿ. ನಡುವಿನಲ್ಲಿ ಸ್ವಲ್ಪ ಒಳಸರಿದ ಆ ಆಕಾರವೇ ಈ ಎಂಜಿನ್ನಿನ ಗೂಡು. ಅದರೊಳಗೆ ಬದಿಗಳು ಉಬ್ಬಿದ ತ್ರಿಕೋನಾಕಾರದ ರೋಟರ್ ಓಲಾಡುತ್ತ ತಿರುಗುತ್ತದೆ. ಅದರ ಮೂರು ಮೂಲೆಗಳೂ ಸದಾ ಗೂಡಿನ ಗೋಡೆಯನ್ನು ಸವರುತ್ತಲೇ ಇರುತ್ತವೆ. ಆದ್ದರಿಂದ ಗೂಡಿನಲ್ಲಿ ಯಾವಾಗಲೂ ಮೂರು ಕೋಣೆಗಳು. ರೋಟರ್ ತಿರುಗಿದಂತೆ ಪ್ರತಿ ಕೋಣೆಯೂ ಹಿಗ್ಗುತ್ತದೆ, ಕುಗ್ಗುತ್ತದೆ, ಮತ್ತೆ ಹಿಗ್ಗುತ್ತದೆ, ಮತ್ತೆ ಕುಗ್ಗುತ್ತದೆ. ಗಾಳಿ ಎಳೆದುಕೊಳ್ಳುವುದು, ಒತ್ತುವುದು, ಉರಿದು ದೂಡುವುದು, ಹೊಗೆ ಹೊರಹಾಕುವುದು ಎಂಬ ನಾಲ್ಕು ಕೆಲಸಗಳೂ ಹೀಗೆ ನಡೆದುಹೋಗುತ್ತವೆ. ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ನಡುವಿನ ದಂಡ, ಅಂದರೆ ಶಾಫ್ಟ್, ಮೂರು ಸುತ್ತು ಬಂದಿರುತ್ತದೆ. ಹಾಗಾಗಿ ಒಂದು ಕೋಣೆಯ ನಾಲ್ಕೂ ಕೆಲಸ ಮುಗಿಯಲು ಶಾಫ್ಟ್ 1080 ಡಿಗ್ರಿ ತಿರುಗಬೇಕು. ಒಂದೊಂದು ಕೆಲಸಕ್ಕೆ 270 ಡಿಗ್ರಿ.

ಈ ಎಂಜಿನ್ನಿನಲ್ಲಿ ಕವಾಟಗಳಿಲ್ಲ. ಗಾಳಿ ಬರುವ ಒಳದ್ವಾರ, ಹೊಗೆ ಹೋಗುವ ಹೊರದ್ವಾರ ಎರಡೂ ಗೂಡಿನಲ್ಲಿ ಕೊರೆದ ಬರಿಯ ಕಿಂಡಿಗಳು. ಅವನ್ನು ತೆರೆಯುವುದೂ ಮುಚ್ಚುವುದೂ ರೋಟರೇ. ಹೊರದ್ವಾರವಂತೂ ಗೋಡೆಯಲ್ಲೇ ಇದೆ. ರೋಟರಿನ ಮುಂದಿನ ಮೂಲೆ ಕಿಂಡಿಯ ಮೊದಲ ಅಂಚನ್ನು ದಾಟಿದಾಗ ಕೋಣೆಯ ಬಾಗಿಲು ತೆರೆಯಿತು, ಹಿಂದಿನ ಮೂಲೆ ಕೊನೆಯ ಅಂಚನ್ನು ದಾಟಿದಾಗ ಮುಚ್ಚಿತು. ಅಂದರೆ ಕಿಂಡಿಯ ಅಂಚೇ ಇಲ್ಲಿ ಗಡಿಯಾರ. ಅರ ಹಿಡಿದವನು ಒಂದೆರಡು ಮಿಲಿಮೀಟರ್ ಲೋಹ ತೆಗೆದರೆ ಕಿಂಡಿಯ ಅಳತೆಯಷ್ಟೇ ಅಲ್ಲ, ಎಂಜಿನ್ನಿನ ವೇಳಾಪಟ್ಟಿಯೂ ಬದಲಾಗುತ್ತದೆ. ಹೊಗೆಗೂಡಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು.

ಜಪಾನಿನ ಹಿರೋಶಿಮಾದ ಮಾಜ್ದಾ ಕಂಪನಿ 1991ರಿಂದ 2002ರವರೆಗೆ ತಯಾರಿಸಿದ ಆರ್‌ಎಕ್ಸ್-7 ಕಾರನ್ನೇ ತೆಗೆದುಕೊಳ್ಳೋಣ. ಅದರಲ್ಲಿ 654 ಘನ ಸೆಂಟಿಮೀಟರಿನ ಎರಡು ರೋಟರುಗಳು, ಜೊತೆಗೆ ಎರಡು ಟರ್ಬೊಗಳು. ಟರ್ಬೊ ಎಂದರೆ ಒಂದೇ ಕಡ್ಡಿಯ ಎರಡು ತುದಿಗೆ ಎರಡು ಸಣ್ಣ ಚಕ್ರಗಳು. ಹೊರಹೋಗುವ ಹೊಗೆ ಒಂದನ್ನು ತಿರುಗಿಸುತ್ತದೆ. ಇನ್ನೊಂದು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಒಂದು ವಾತಾವರಣದಷ್ಟು ಹೆಚ್ಚುವರಿ ಒತ್ತಡ ಕೊಟ್ಟರೆ ಅದೇ ಕೋಣೆಯಲ್ಲಿ ಹೆಚ್ಚುಕಡಮೆ ಎರಡರಷ್ಟು ಗಾಳಿ ಹಿಡಿಯುತ್ತದೆ. ಒತ್ತಿದ ಗಾಳಿ ಬಿಸಿಯಾಗುವುದರಿಂದ ಪೂರ್ತಿ ಎರಡರಷ್ಟಲ್ಲ, ತಂಪು ಮಾಡಿದರೆ ಅದಕ್ಕೆ ಹತ್ತಿರ. ಈ ಹೆಚ್ಚುವರಿ ಒತ್ತಡವನ್ನೇ ಬೂಸ್ಟ್ ಎನ್ನುತ್ತಾರೆ. ಪಂದ್ಯದ ಹುಚ್ಚಿರುವವರು ಕಂಪನಿ ಕೊಟ್ಟ ಎರಡು ಟರ್ಬೊಗಳನ್ನು ಕಿತ್ತು, ಒಂದೇ ದೊಡ್ಡ ಟರ್ಬೊ ಕೂರಿಸಿ, ಬೂಸ್ಟನ್ನು ಇನ್ನೂ ಏರಿಸುತ್ತಾರೆ. ಒಳಗೆ ಹೋಗುವ ಗಾಳಿ ಹೆಚ್ಚಾದ ಮೇಲೆ ಹೊರಗೆ ಬರುವ ಹೊಗೆಯೂ ಹೆಚ್ಚಾಗಲೇಬೇಕಲ್ಲ? ಆಗ ಅರಕ್ಕೆ ಕೆಲಸ ಬರುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕ. ಈ ಎಂಜಿನ್ನಿನ ಹೊರದ್ವಾರ, ಕೋಣೆ ಪೂರ್ತಿ ಹಿಗ್ಗುವುದಕ್ಕೆ ಸುಮಾರು 75 ಡಿಗ್ರಿ ಮೊದಲೇ ತೆರೆದುಕೊಳ್ಳುತ್ತದೆ; ಪೂರ್ತಿ ಕುಗ್ಗಿ 48 ಡಿಗ್ರಿ ಕಳೆದ ಮೇಲೆ ಮುಚ್ಚುತ್ತದೆ. ನಡುವಿನ 270 ಸೇರಿಸಿದರೆ ಒಟ್ಟು 393 ಡಿಗ್ರಿ. ಶಾಫ್ಟ್ ನಿಮಿಷಕ್ಕೆ 6000 ಸುತ್ತು ತಿರುಗುತ್ತಿದ್ದರೆ ಒಂದು ಸುತ್ತಿಗೆ ಸೆಕೆಂಡಿನ ನೂರನೇ ಒಂದು ಭಾಗ. ಆ ಲೆಕ್ಕದಲ್ಲಿ ಬಾಗಿಲು ತೆರೆದಿರುವುದು ಸೆಕೆಂಡಿನ ಸಾವಿರದ ಹನ್ನೊಂದು ಭಾಗದಷ್ಟು ಕಾಲ. ಅಷ್ಟರಲ್ಲಿ ಕೆಂಪಗೆ ಕಾಯಿಸಬಲ್ಲ ಬಿಸಿಯ ಹೊಗೆಯೆಲ್ಲ ಖಾಲಿಯಾಗಬೇಕು.

ಕೋಣೆ ಇನ್ನೂ ಹಿಗ್ಗುತ್ತಿರುವಾಗಲೇ ಬಾಗಿಲು ತೆರೆದರೆ ನಷ್ಟವಲ್ಲವೇ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ನಷ್ಟವೇ. ರೋಟರನ್ನು ಇನ್ನಷ್ಟು ದೂಡಬಹುದಾಗಿದ್ದ ಒತ್ತಡವನ್ನು ಹೊರಗೆ ಬಿಟ್ಟಂತಾಯಿತು. ಆದರೆ ಕುಕ್ಕರಿನ ತೂಕವನ್ನು ಸ್ವಲ್ಪ ಎತ್ತಿದಾಗ ಹಬೆ ಹೇಗೆ ನುಗ್ಗುತ್ತದೆ ನೋಡಿ. ಬಾಗಿಲು ತೆರೆದ ಆ ಮೊದಲ ಕ್ಷಣದಲ್ಲಿ ಬಹುಪಾಲು ಹೊಗೆ ತನ್ನ ಒತ್ತಡದಿಂದಲೇ ಹಾರಿಹೋಗುತ್ತದೆ. ಆಮೇಲೆ ರೋಟರ್ ದೂಡಬೇಕಾದ್ದು ಉಳಿಕೆಯನ್ನು ಮಾತ್ರ. ಟರ್ಬೊ ಇದ್ದರಂತೂ ಆ ನುಗ್ಗು ವ್ಯರ್ಥವಾಗುವುದಿಲ್ಲ, ಅದರ ಚಕ್ರಕ್ಕೆ ಬೀಳುವ ಏಟಾಗುತ್ತದೆ. ಆದ್ದರಿಂದ ಹೆಚ್ಚು ಬೂಸ್ಟಿನ ಎಂಜಿನ್ನಿನಲ್ಲಿ ಮೊದಲ ಅಂಚನ್ನು ಸ್ವಲ್ಪ ಕೆತ್ತಿ ಬಾಗಿಲನ್ನು ಬೇಗ ತೆರೆಯುವುದಕ್ಕೆ ಅರ್ಥವಿದೆ. ಹತ್ತು ಡಿಗ್ರಿ ಬೇಗ ತೆರೆದರೆ 6000 ಸುತ್ತಿನಲ್ಲಿ ಸಿಗುವುದು ಸೆಕೆಂಡಿನ ಹತ್ತು ಸಾವಿರದ ಮೂರು ಭಾಗಕ್ಕಿಂತ ಕಡಿಮೆ ಕಾಲ. ಆದರೂ ಅದು ಲೆಕ್ಕಕ್ಕೆ ಬರುತ್ತದೆ. ನಿಧಾನವಾಗಿ ಓಡುವಾಗ ಮಾತ್ರ ಅದೇ ಹತ್ತು ಡಿಗ್ರಿ ಪೆಟ್ರೋಲಿನ ದುಂದು.

ಕೊನೆಯ ಅಂಚಿನ ಕಥೆ ಬೇರೆ. ಅಲ್ಲೇ ಬಹಳ ಜನ ಕೈ ಸುಟ್ಟುಕೊಳ್ಳುವುದು.

ಬಾಗಿಲು ಒಂದು ಕೋಣೆಗೆ 393 ಡಿಗ್ರಿ ತೆರೆದಿರುತ್ತದೆ. ಆದರೆ 360 ಡಿಗ್ರಿಗೊಮ್ಮೆ ಮುಂದಿನ ಕೋಣೆ ಅದೇ ಬಾಗಿಲಿಗೆ ಬಂದು ನಿಲ್ಲುತ್ತದೆ. ಹಾಗಾದರೆ 33 ಡಿಗ್ರಿಗಳಷ್ಟು ಹೊತ್ತು ಎರಡು ಕೋಣೆಗಳಿಗೂ ಒಂದೇ ಬಾಗಿಲು! ರೋಟರಿನ ಮೂಲೆ ಆಗ ಕಿಂಡಿಯ ನಡುವೆ ಇರುತ್ತದೆ. ಅದರ ಒಂದು ಕಡೆ ಈಗಷ್ಟೇ ಉರಿದು ಸಿಡಿಯಲು ಕಾದಿರುವ ಹೊಗೆ, ಇನ್ನೊಂದು ಕಡೆ ತನ್ನ ಕೆಲಸ ಮುಗಿಸಿ ಹೊಸ ಗಾಳಿಗೆ ಬಾಯಿ ತೆರೆಯುತ್ತಿರುವ ಕೋಣೆ. ಮ್ಯಾಟಿನಿ ಮುಗಿಸಿ ಹೊರಬರುವ ಜನ, ಫಸ್ಟ್ ಶೋಗೆ ಒಳಹೋಗುವ ಜನ ಒಂದೇ ಬಾಗಿಲಲ್ಲಿ ಸೇರಿದರೆ ಏನಾಗುತ್ತದೋ ಅದೇ ಇಲ್ಲಿಯೂ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಹೊರಗಿನ ಬೀದಿ ಖಾಲಿಯಿರುತ್ತದೆ, ಜನ ಚದುರಿ ಹೋಗುತ್ತಾರೆ. ಟರ್ಬೊ ಇದ್ದರೆ ಬಾಗಿಲಿನಾಚೆ ಕಬ್ಬಿಣದ ಗೇಟು ಹಾಕಿ ಒಬ್ಬೊಬ್ಬರನ್ನೇ ಬಿಟ್ಟಂತೆ. ಹೊಗೆಕೊಳವೆಯಲ್ಲಿ ಒತ್ತಡ ಕಟ್ಟಿಕೊಳ್ಳುತ್ತದೆ. ಎಷ್ಟೋ ವೇಳೆ ಅದು ಒಳಗೆ ತುಂಬುವ ಬೂಸ್ಟಿಗಿಂತಲೂ ಹೆಚ್ಚಿರುತ್ತದೆ. ನೀರಿನಂತೆ ಅನಿಲವೂ ಹೆಚ್ಚು ಒತ್ತಡದ ಕಡೆಯಿಂದ ಕಡಿಮೆ ಒತ್ತಡದ ಕಡೆಗೇ ಹರಿಯುತ್ತದೆ. ಹೊರಹೋಗಬೇಕಾದ ಹೊಗೆ ಹೊಸ ಗಾಳಿಯ ಕೋಣೆಗೇ ನುಗ್ಗುತ್ತದೆ.

ಕೊನೆಯ ಅಂಚನ್ನೂ ಕೆತ್ತಿ ಬಾಗಿಲನ್ನು ತಡವಾಗಿ ಮುಚ್ಚುವಂತೆ ಮಾಡಿದವನು ಈ 33 ಡಿಗ್ರಿಯನ್ನು ಇನ್ನೂ ಹೆಚ್ಚಿಸುತ್ತಾನೆ. ಎರಡೂ ಅಂಚುಗಳಲ್ಲಿ ಹತ್ತು ಹತ್ತು ಡಿಗ್ರಿ ತೆಗೆದರೆ ಅದು 53 ಆಗುತ್ತದೆ. ಒಳಗೆ ಸೇರಿದ ಹೊಗೆ ಹೊಸ ಗಾಳಿಯ ಜಾಗ ಕಬಳಿಸುತ್ತದೆ, ಅದನ್ನು ಬಿಸಿ ಮಾಡುತ್ತದೆ. ಬಿಸಿಯಾದ ಮಿಶ್ರಣವನ್ನು ಹೆಚ್ಚು ಬೂಸ್ಟಿನಲ್ಲಿ ಒತ್ತಿದಾಗ ಕಿಡಿಯ ಜ್ವಾಲೆ ಹರಡುವ ಮೊದಲೇ ಅದು ತಾನಾಗಿ ಸಿಡಿಯಬಹುದು. ಪಿಸ್ಟನ್ ಎಂಜಿನ್ನಿನಲ್ಲಿ ಇಂಥ ಸಿಡಿತವನ್ನು 'ನಾಕಿಂಗ್' ಎಂದು ಕರೆಯುತ್ತಾರೆ. ಅಲ್ಲಿ ಅದು ಟಕಟಕ ಸದ್ದು ಮಾಡಿ ಎಚ್ಚರಿಸುವುದೂ ಉಂಟು. ರೋಟರಿಯಲ್ಲಿ ಒಂದೇ ಜೋರಾದ ಏಟಿಗೆ ರೋಟರಿನ ಮೂಲೆಯ ಸೀಲ್ ಮುರಿದುಹೋಗಬಹುದು. ಎಂಬತ್ತು ಮಿಲಿಮೀಟರ್ ಉದ್ದ, ಎರಡೇ ಮಿಲಿಮೀಟರ್ ದಪ್ಪದ ಲೋಹದ ಪಟ್ಟಿ ಅದು. ಮುರಿದ ಚೂರು ಗೋಡೆಯನ್ನು ಗೀಚಿ, ಹೊರದ್ವಾರದಿಂದ ಹಾರಿ ಟರ್ಬೊ ಚಕ್ರದ ರೆಕ್ಕೆಗಳನ್ನೂ ಕಚ್ಚಿಹಾಕುತ್ತದೆ. ಒಂದು ಪಟ್ಟಿಯ ಜೊತೆ ಇಡೀ ಎಂಜಿನ್ ಹೋಯಿತು.

ಈ ಪಟ್ಟಿಯೇ ರೋಟರಿಯ ಹುಟ್ಟಿನಿಂದಲೂ ಅದರ ಗೋಳು. 1960ರ ದಶಕದಲ್ಲಿ ಮಾಜ್ದಾದ ಕೆನಿಚಿ ಯಮಾಮೊಟೊ ಮತ್ತು ಅವರ ಎಂಜಿನಿಯರುಗಳ ತಂಡ ಓಡಿಸಿ ಬಿಚ್ಚಿದ ಎಂಜಿನ್ನುಗಳಲ್ಲೆಲ್ಲ ಗೋಡೆಯ ಮೇಲೆ ಅಲೆಅಲೆಯಾದ ಗೀರುಗಳು ಕಾಣುತ್ತಿದ್ದವು. ಅವಕ್ಕೆ ಅವರು ಇಟ್ಟ ಹೆಸರು 'ದೆವ್ವದ ಉಗುರಿನ ಗುರುತು'. ಪಟ್ಟಿ ಗೋಡೆಯ ಮೇಲೆ ಜಾರುವ ಬದಲು ಕಂಪಿಸುತ್ತಿತ್ತು. ಇಂಗಾಲಕ್ಕೆ ಅಲ್ಯುಮಿನಿಯಂ ಸೇರಿಸಿದ ಪಟ್ಟಿ ಕಂಡುಹಿಡಿದ ಮೇಲೆಯೇ 1967ರಲ್ಲಿ ಕಾಸ್ಮೊ ಕಾರು ಮಾರಾಟಕ್ಕೆ ಬಂದದ್ದು. ಅದೇ ವರ್ಷ ಬಂದ ಎನ್‌ಎಸ್‌ಯುವಿನ ರೋ 80 ಕಾರು ಎಂಜಿನ್ ಸವೆತದ ದೂರುಗಳಲ್ಲೇ ಸೊರಗಿತು.

ಅಗಲದ ವಿಷಯಕ್ಕೆ ಬರೋಣ. ಕಿಂಡಿಯನ್ನು ಉದ್ದಕ್ಕೆ ಬೆಳೆಸದೆ ಅಡ್ಡಕ್ಕೆ ಬೆಳೆಸಿದರೆ ವೇಳಾಪಟ್ಟಿ ಕೆಡುವುದಿಲ್ಲ, ಹೊಗೆಗೆ ಜಾಗವೂ ಸಿಗುತ್ತದೆ. ಜಾಣತನವೇ. ಆದರೆ ಕಿಂಡಿಯನ್ನು ದಾಟುವಾಗ ಪಟ್ಟಿಗೆ ಆಧಾರ ಎರಡು ತುದಿಗಳಲ್ಲಿ ಉಳಿದ ಗೋಡೆ ಮಾತ್ರ. ಹಳ್ಳಕ್ಕೆ ಹಾಸಿದ ಹಲಗೆ ಅಗಲ ಹೆಚ್ಚಿದಂತೆ ಬಾಗುವುದಿಲ್ಲವೇ? ಹಿಂದಿನಿಂದ ಅನಿಲದ ಒತ್ತಡ ಬೇರೆ. ಬಾಗಿದ ಪಟ್ಟಿ ಚೂಪಾದ ಅಂಚಿಗೆ ತಗುಲಿದರೆ ಚೂರಾಗುತ್ತದೆ. ಆದ್ದರಿಂದ ಬಲ್ಲವರು ಅಡ್ಡಕ್ಕೂ ಮಿತಿ ಇಟ್ಟು, ಅಂಚುಗಳನ್ನು ಕಮಾನಿನಂತೆ ಬಾಗಿಸಿ, ಒಳಮುಖವಾಗಿ ನಯವಾಗಿ ಇಳಿಸುತ್ತಾರೆ. ಪಟ್ಟಿ ಒಮ್ಮೆಗೇ ಅಂಚಿಗೆ ಬಡಿಯದೆ ಸ್ವಲ್ಪಸ್ವಲ್ಪವಾಗಿ ಏರಬೇಕು ಎಂಬುದು ಲೆಕ್ಕಾಚಾರ.

ಗೋಡೆಯೂ ಒಂದೇ ಲೋಹದ್ದಲ್ಲ. ಹೊರಗೆ ಅಲ್ಯುಮಿನಿಯಂ, ಒಳಗೆ ತೆಳ್ಳನೆಯ ಉಕ್ಕಿನ ಹಾಳೆ, ಅದರ ಮೇಲೆ ಕ್ರೋಮಿಯಂ ಲೇಪ. ಅರ ಜಾರಿ ಲೇಪದ ಅಂಚು ಎದ್ದರೆ ಸಿಪ್ಪೆಯಂತೆ ಏಳುತ್ತ ಹೋಗುತ್ತದೆ. ಸುತ್ತ ತಂಪುನೀರಿನ ಕಾಲುವೆಗಳಿವೆ. ಆಸೆಯಿಂದ ಕೆತ್ತುತ್ತ ಹೋದವನಿಗೆ ನೀರು ಕಾಣಿಸಿದರೆ ಆ ಗೂಡು ಗುಜರಿಗೆ.

ಇದೆಲ್ಲ ದೂರದ ಜಪಾನಿನ ಕಥೆ ಎನಿಸಿದರೆ ಮೈಸೂರಿನ ಕಡೆ ನೋಡಬಹುದು. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1996ರವರೆಗೆ ತಯಾರಿಸಿದ ಎಜ್ಡಿ ಬೈಕುಗಳ ಟೂ ಸ್ಟ್ರೋಕ್ ಎಂಜಿನ್ನಿನಲ್ಲೂ ಹೊಗೆಗೆ ಕವಾಟವಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿ, ಅದನ್ನು ತೆರೆದು ಮುಚ್ಚುವುದು ಪಿಸ್ಟನ್. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇದ್ದದ್ದನ್ನು ಇಂದಿನ ಅಪ್ಪಂದಿರು ಮರೆತಿರಲಾರರು. ಅಂಥ ಎಂಜಿನ್ನಿನಲ್ಲೂ ಕಿಂಡಿಯನ್ನು ಅತಿಯಾಗಿ ಅಗಲಿಸಿದರೆ ಪಿಸ್ಟನ್ನಿನ ಉಂಗುರ ಅದರೊಳಗೆ ಉಬ್ಬಿ, ಅಂಚಿಗೆ ಸಿಕ್ಕಿ ಮುರಿಯುತ್ತದೆ. ಸೀಲ್ ಮತ್ತು ಉಂಗುರ ಅನುಭವಿಸುವ ಕಷ್ಟ ಒಂದೇ.

ಕಿಂಡಿ ದೊಡ್ಡದಿದ್ದೂ ಗೆದ್ದ ರೋಟರಿ ಇಲ್ಲವೇ? ಇದೆ. 1991ರಲ್ಲಿ ಫ್ರಾನ್ಸಿನ ಲ ಮಾನ್ 24 ಗಂಟೆಗಳ ಪಂದ್ಯವನ್ನು ಮಾಜ್ದಾದ 787ಬಿ ಕಾರು 362 ಸುತ್ತು ಓಡಿ ಗೆದ್ದಿತು. ಆ ಪಂದ್ಯದಲ್ಲಿ ಜಪಾನಿನ ಕಾರಿಗೆ ಅದೇ ಮೊದಲ ಗೆಲುವು. ಅದರ ನಾಲ್ಕು ರೋಟರುಗಳ ಎಂಜಿನ್ನಿನಲ್ಲಿ ಒಳದ್ವಾರವೂ ಗೋಡೆಯಲ್ಲೇ ಇತ್ತು. ಎರಡೂ ಬಾಗಿಲು ಒಟ್ಟಿಗೆ ತೆರೆದಿರುವ ಹೊತ್ತು ಬಹಳ. ಆದರೆ ಅದಕ್ಕೆ ಟರ್ಬೊ ಇರಲಿಲ್ಲ, ಹೊಗೆಗೆ ಅಡ್ಡಿಯೂ ಇರಲಿಲ್ಲ. ಗಾಳಿಕೊಳವೆಯ ಉದ್ದವನ್ನು ವೇಗಕ್ಕೆ ತಕ್ಕಂತೆ ಬದಲಿಸುವ ಏರ್ಪಾಡೂ ಇತ್ತು. ಆ ಎಂಜಿನ್ನನ್ನು ಕಂಡು ತನ್ನ ಟರ್ಬೊ ಎಂಜಿನ್ನಿಗೆ ಅದೇ ಕಿಂಡಿ ಕೊರೆಯುವವನು ಬೇರೆಯವನ ಕನ್ನಡಕ ಹಾಕಿಕೊಂಡಂತೆ.

ಸ್ವಾರಸ್ಯವೆಂದರೆ, ಮಾಜ್ದಾ ತಾನೇ 2003ರಲ್ಲಿ ಆರ್‌ಎಕ್ಸ್-8 ಕಾರಿಗಾಗಿ ಹೊರದ್ವಾರವನ್ನು ಗೋಡೆಯಿಂದ ತೆಗೆದು ಪಕ್ಕದ ತಟ್ಟೆಗಳಿಗೆ ವರ್ಗಾಯಿಸಿತು. ಒಳದ್ವಾರ ತೆರೆಯುವ ಮೊದಲೇ ಹೊರದ್ವಾರ ಮುಚ್ಚುವಂತಾಯಿತು. ಹೊಗೆ ಗಾಳಿ ಬೆರೆಯುವುದು ತಪ್ಪಿತು, ಉರಿಯದೆ ಹೊರಹೋಗುತ್ತಿದ್ದ ಪೆಟ್ರೋಲೂ ಕಡಿಮೆಯಾಯಿತು. ಟರ್ಬೊ ಇಲ್ಲದೆಯೇ ಅದೇ 1308 ಘನ ಸೆಂಟಿಮೀಟರಿನಿಂದ 250 ಅಶ್ವಶಕ್ತಿ ಬಂತು. ಆ ಕಾರಿನ ತಯಾರಿಕೆ 2012ರಲ್ಲಿ ನಿಂತಿತು. 2023ರಲ್ಲಿ ರೋಟರಿ ಮತ್ತೆ ಬಂದಾಗ ಅದಕ್ಕೆ ಇದ್ದದ್ದು 830 ಘನ ಸೆಂಟಿಮೀಟರಿನ ಒಂದೇ ರೋಟರ್. ಚಕ್ರಗಳನ್ನು ತಿರುಗಿಸುವ ಕೆಲಸ ವಿದ್ಯುತ್ ಮೋಟಾರಿನದು. ರೋಟರಿ ತಿರುಗಿಸುವುದು ಬರೇ ಜನರೇಟರನ್ನು.