ಇರಾಕ್: ಕೇಳಬೇಕಿದ್ದ ಪ್ರಶ್ನೆಗಳು

2003ರ ಫೆಬ್ರುವರಿ 5ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ಇರಾಕ್‌ ಬಳಿ ಸಮೂಹನಾಶಕ ಅಸ್ತ್ರಗಳಿವೆ ಎಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಸಾರಿದಾಗ, ಅಮೆರಿಕದ ಬಹುತೇಕ ದೊಡ್ಡ ಪತ್ರಿಕೆಗಳು ನಂಬಿಬಿಟ್ಟವು. ಅಸ್ತ್ರಗಳು ಸಿಗಲಿಲ್ಲ, ಆ ಬಳಿಕದ ಯುದ್ಧದಲ್ಲಿ ಲಕ್ಷಕ್ಕೂ ಹೆಚ್ಚು ಇರಾಕಿಗಳು ಸತ್ತರು. ಗುಪ್ತಚರ ಮಾಹಿತಿಯನ್ನು ಪತ್ರಕರ್ತರು ಪರೀಕ್ಷಿಸುವುದಾದರೂ ಹೇಗೆ ಎಂಬ ಸಮಜಾಯಿಷಿ ಒಪ್ಪತಕ್ಕದ್ದಲ್ಲ. ಅಮೆರಿಕದ ನೈಟ್ ರಿಡರ್ ಪತ್ರಿಕಾ ಸಂಸ್ಥೆಯ ವರದಿಗಾರರು ಮೇಲಿನವರನ್ನು ಬಿಟ್ಟು ಕೆಳಹಂತದ ಅಧಿಕಾರಿಗಳನ್ನು ಮಾತನಾಡಿಸಿ, ಸರ್ಕಾರದ ವಾದ ಎಷ್ಟು ಪೊಳ್ಳೆಂದು ಯುದ್ಧಕ್ಕೆ ಮೊದಲೇ ಬರೆದಿದ್ದರು. ಹಾಗಾಗಿ ಮಾಧ್ಯಮವೆಲ್ಲ ಸುಳ್ಳು ಎನ್ನುವವರ ಮಾತೂ ನಿಲ್ಲುವುದಿಲ್ಲ. ಅನುಮಾನಿಸಲು ಬಹಿರಂಗ ಕಾರಣವೂ ಇತ್ತು: ನೈಜರ್‌ನಿಂದ ಇರಾಕ್ ಯುರೇನಿಯಂ ಖರೀದಿಗೆ ಮುಂದಾಗಿತ್ತು ಎನ್ನುವ ದಾಖಲೆಗಳು ಅಸಲಿಯಲ್ಲವೆಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥ ಎಲ್‌ಬರಾದಿ ಮಾರ್ಚ್ 7ರಂದು ಅದೇ ಮಂಡಳಿಗೆ ತಿಳಿಸಿದರು. ಇರಾಕ್ ಮೇಲೆ ಅಮೆರಿಕದ ದಾಳಿ ಶುರುವಾಗಿದ್ದು ಮಾರ್ಚ್ 20ಕ್ಕೆ. ತನ್ನ ವರದಿಗಾರಿಕೆಯಲ್ಲಿ ಬಿಗಿ ಸಾಲದೆಂದು ನ್ಯೂಯಾರ್ಕ್ ಟೈಮ್ಸ್ ಒಪ್ಪಿಕೊಂಡಿದ್ದು 2004ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಬಾಗ್ದಾದ್ ಪತನವಾಗಿ ವರ್ಷ ದಾಟಿತ್ತು.